ಕಡಲಿಗಿಳಿಯದವಳಿಗೆ

ಕಳವಾರ
೧೨ ಜನವರಿ ೨೦೨೫

ಪ್ರೀತಿಯ ತರನ್ನುಮ್,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ನನ್ನದೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕುವುದಿದ್ದರೂ ಒಂದು ಸಲ ಓದಿ ಹರಿ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿ ತಿಂಗಳು ಕಳೆಯಿತು. ಅಮ್ಮನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ರಜೆಗೆಂದು ಊರಿಗೆ ಬಂದಿದ್ದೇನೆ. ಮೊನ್ನೆ ಗುರುವಾರ ಶಿಡ್ಲಘಟ್ಟಕ್ಕೆ ಬಂದು ನಿಮ್ಮ ಬೀದಿಯವರೆಗೂ ನಡೆದೆ. ನಿಮ್ಮ ಅಬ್ಬಾ ರೇಷ್ಮೆ ಗೂಡಿನ ಮೂಟೆ ಇಳಿಸಿಕೊಳ್ಳುತ್ತಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. "ಏನಮ್ಮಾ ಅಮೃತಾ, ಯಾವಾಗ ಬಂದೆ? ಒಳಗೆ ಹೋಗು, ತರನ್ನುಮ್ ಇದಾಳೆ" ಅಂದರು. ಮನೆಯಲ್ಲಿ ನೀನು ಏನನ್ನೂ ಹೇಳಿಲ್ಲವೆಂದು ಆಗ ತಿಳಿಯಿತು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಅಲ್ಲಿಂದಲೇ ತಿರುಗಿದೆ.

ಕಡಲ ತೀರದ ಆ ಎರಡು ದಿನ ನಿನ್ನ ಕಣ್ಣೆದುರೇ ನಡೆದವು. ಆದರೂ ನನ್ನೊಳಗೆ ಏನು ನಡೆಯುತ್ತಿತ್ತೆಂದು ನಿನಗೆ ಗೊತ್ತಿಲ್ಲ. ಅದನ್ನು ಹೇಳಬೇಕು.

ಮಸ್ಕತ್ತಿನಲ್ಲಿರುವ ನಮ್ಮ ಜಿಲ್ಲೆಯವರ ವಾಟ್ಸಾಪ್ ಗುಂಪಿಗೆ ನಮ್ಮಿಬ್ಬರನ್ನು ಸೇರಿಸಿದ್ದು ಚಿಂತಾಮಣಿಯ ಹರಿತಾ ಅಕ್ಕ. ಅವರ ಗಂಡ ನಾವು ನರ್ಸ್ ಆಗಿದ್ದ ಆಸ್ಪತ್ರೆಯ ಆಫೀಸಿನಲ್ಲೇ ಮ್ಯಾನೇಜರು. ನವೆಂಬರಿನಲ್ಲಿ ಬಿಸಿಲು ತಗ್ಗಿದ ಮೇಲೆ, ಶುಕ್ರವಾರ ಶನಿವಾರದ ರಜೆಗೆ ಎಲ್ಲರೂ ಕಡಲ ತೀರಕ್ಕೆ ಹೋಗಣ, ಟೆಂಟ್ ಹಾಕಿ ಅಲ್ಲೇ ಮುದ್ದೆ ಬಸ್ಸಾರು ಮಾಡಣ ಅಂತ ಹೊರಡಿಸಿದ್ದೂ ಅವರೇ. ನೀನು ಒಲ್ಲೆ ಅಂದೆ. "ನೀರಿನ ಹತ್ರ ನಂಗೇನ್ ಕೆಲ್ಸ ಕಣೇ, ನೀನು ಹೋಗ್ಬಾ" ಅಂದೆ. ನಾನೇ ಬಲವಂತ ಮಾಡಿದೆ. ನಿನ್ನ ಜೊತೆಗಾಗಿ ಅಂದುಕೊಂಡಿರುತ್ತೀಯ. ಅದಲ್ಲ. ಹರಿತಾ ಅಕ್ಕನ ಎದುರು ಒಬ್ಬಳೇ ಕೂರಲು ನನಗೆ ಭಯವಿತ್ತು.

ಮೊದಲ ಭೇಟಿಯಿಂದಲೂ ಅವರು ನನ್ನನ್ನು ತೂಗಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಕಾರಿನಲ್ಲಿ ಕೇಳಿದರಲ್ಲ, "ಕಳವಾರದಲ್ಲಿ ಊರೊಳಗಾ ನಿಮ್ಮನೆ, ಆಚೇನಾ?" ಅಂತ. ನಾನು ಬೆಟ್ಟದ ದಾರಿಯಲ್ಲಿ ಅಂದೆ. ಸ್ವಲ್ಪ ದೂರ ಹೋದ ಮೇಲೆ, "ಮನೆದೇವ್ರು ಯಾವ್ದಮ್ಮಾ ನಿಮ್ದು?" ಅಂದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಿಟ್ಟು ಬೇರೇನಿಲ್ಲ. ನರ್ಸಿಂಗ್ ಓದುವಾಗ ನೀನು ಅದರ ಕೆಳಗೇ ಕೂತು ಅಮ್ಮ ಬಡಿಸಿದ್ದನ್ನು ಉಂಡವಳು. ಆದರೂ ನಾನು ನಿನ್ನೆದುರಿಗೇ "ನಂದಿಯ ಭೋಗನಂದೀಶ್ವರ" ಅಂದುಬಿಟ್ಟೆ. ಅವರು ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಗ ನೀನು ಕಿಟಕಿಯಿಂದ ತಿರುಗಿ, "ಹೌದಕ್ಕ, ಇವ್ರಮ್ಮ ಗಂಗುಲಮ್ಮ ಶಿವರಾತ್ರಿ ಒಂದೂ ತಪ್ಪಿಸಲ್ಲ" ಅಂದೆ. ನನಗೋಸ್ಕರ ಅಷ್ಟು ಸಲೀಸಾಗಿ ಸುಳ್ಳು ಹೇಳಿದವರು ಇನ್ನೊಬ್ಬರಿಲ್ಲ.

ಶನಿವಾರ ಬೆಳಿಗ್ಗೆ ಎಲ್ಲರೂ ನೀರಿಗಿಳಿದೆವು. ನೀನು ತಲೆನೋವೆಂದು ಹೇಳಿ ಚಾಪೆಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತೆ. ಬಿಸಿಲೇರಿದ ಮೇಲೆ ಹರಿತಾ ಅಕ್ಕ ಟೆಂಟಿಗೆ ಹೋಗಿ, ಅಲೆಗೆ ಹೋದೀತೆಂದು ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಟ್ಟಿದ್ದ ಮಾಂಗಲ್ಯದ ಸರ ಹುಡುಕಿದರು. ಇರಲಿಲ್ಲ. ಹಾಸಿಗೆ ಕೊಡವಿದರು, ಮರಳು ಜಾಲಾಡಿದರು. ಆಮೇಲೆ ಒಬ್ಬೊಬ್ಬರ ಮುಖ ನೋಡತೊಡಗಿದರು. ನನ್ನ ಮುಖದ ಮೇಲೆ ಅವರ ಕಣ್ಣು ಬೇರೆಯವರಿಗಿಂತ ಹೆಚ್ಚು ಹೊತ್ತು ನಿಂತಿತು, ಅಥವಾ ನನಗೆ ಹಾಗನ್ನಿಸಿತು. "ನಾವೆಲ್ಲಾ ನೀರಲ್ಲಿದ್ವಿ. ಇಲ್ಲಿದ್ದೋರು ಯಾರು?" ಅಂದರು.

ನಾನು ನಡುವೆ ಟವಲಿಗೆಂದು ಟೆಂಟಿಗೆ ಬಂದು ಹೋಗಿದ್ದೆ. ನೀನೇ ಟವಲ್ ಎತ್ತಿಕೊಟ್ಟಿದ್ದೆ. ಅದನ್ನು ನೀನು ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. "ತರನ್ನುಮ್ ಒಬ್ಬಳೇ ಇದ್ದಿದ್ದು" ಅಂದೆ.

"ಏಮಮ್ಮಾ, ಸಮುದ್ರಕ್ಕೆ ಅಂತ ಬಂದು ನೀರಿಗೇ ಇಳೀಲಿಲ್ವಲ್ಲ ನೀನು, ಯಾಕೆ?" ಅಂತ ಅವರು ಕೇಳಿದಾಗ ನೀನು ನನ್ನ ಕಡೆ ನೋಡಿದೆ. ನಿನಗೆ ಫಿಟ್ಸ್ ಇರುವುದು ಅಲ್ಲಿ ನನಗೊಬ್ಬಳಿಗೇ ಗೊತ್ತು. ಆರು ವರ್ಷದಿಂದ ಬಂದಿಲ್ಲ, ಆದರೂ ನೀರಿಗೆ ಇಳಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಗುಟ್ಟು ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಿದ್ದೆ. "ಅವಳು ಅಂಥೋಳಲ್ಲ ಅಕ್ಕ" ಅನ್ನಲು ಯಾವ ಗುಟ್ಟೂ ಒಡೆಯಬೇಕಿರಲಿಲ್ಲ. ಅಷ್ಟನ್ನೂ ಅನ್ನಲಿಲ್ಲ.

ನೀನು ಎದ್ದು ಬ್ಯಾಗನ್ನು ಚಾಪೆಯ ಮೇಲೆ ಬೋರಲು ಹಾಕಿದೆ. "ನೋಡ್ಕೊಳ್ಳಿ" ಅಂದೆ. ಬಟ್ಟೆ, ಬಾಚಣಿಗೆ, ನಮಾಜಿನ ದುಪಟ್ಟಾ, ಕೊನೆಗೆ ಮಾತ್ರೆಯ ಶೀಟುಗಳು. ಹರಿತಾ ಅಕ್ಕನ ಗಂಡ ಒಂದನ್ನೆತ್ತಿ ಹಿಂದುಮುಂದು ತಿರುಗಿಸಿ ಓದಿದರು. "ಯಾರ್ದಿದು?" ಅಂದರು. "ನಂದೇ" ಅಂದೆ ನೀನು. ಮಡಚಿ ನಿನ್ನ ಕೈಗೇ ಕೊಟ್ಟರು.

ಮರುದಿನ ಗುಂಪಿನಲ್ಲಿ ಹರಿತಾ ಅಕ್ಕನ ಮೆಸೇಜ್ ಬಂತು. ಸರ ಒದ್ದೆ ಬಟ್ಟೆಯ ಕವರಿನಲ್ಲೇ ಇತ್ತಂತೆ, ದೇವರು ದೊಡ್ಡವನಂತೆ. ಕೆಳಗೆ ಎಲ್ಲರೂ ಕೈಮುಗಿದ ಗುರುತು ಹಾಕಿದರು. ಅದರಲ್ಲಿ ನನ್ನದೂ ಒಂದು. ನೀನು ನಮ್ಮ ರೂಮಿನಲ್ಲಿ ಪಕ್ಕದ ಮಂಚದಲ್ಲೇ ಕೂತು ಅದನ್ನು ನೋಡುತ್ತಿದ್ದೆ.

ಎರಡು ವಾರಕ್ಕೆ ಆಫೀಸಿನಿಂದ ನಿನಗೆ ಕರೆ ಬಂತು. ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದೀಯ ಎಂದರು, ಊರಿಗೆ ಟಿಕೆಟ್ ಕೊಟ್ಟರು. ರೂಮಿಗೆ ಬಂದು ನೀನು ಕೇಳಿದ್ದು ಒಂದೇ ಮಾತು. "ನೀನೇನಾದ್ರೂ ಹೇಳಿದ್ಯಾ?" ನಾನು ಇಲ್ಲವೆಂದೆ. "ಹರಿತಾ ಅಕ್ಕನ ಗಂಡಾನೇ ಇರ್ಬೇಕು, ಮಾತ್ರೆ ನೋಡಿದ್ರಲ್ಲ" ಅಂತಲೂ ನಾನೇ ಅಂದೆ. ನೀನು ಸೂಟ್‌ಕೇಸ್ ತುಂಬತೊಡಗಿದೆ.

ನೀನು ಹೋದ ಮೇಲೆ ನನಗೆ ಯಾರನ್ನು ನೋಡಿದರೂ ಅನುಮಾನ. ಇಬ್ಬರು ನರ್ಸುಗಳು ಪಿಸುಗುಟ್ಟಿದರೆ ನನ್ನ ವಿಷಯವೇ ಎಂದುಕೊಳ್ಳುತ್ತಿದ್ದೆ. ಹರಿತಾ ಅಕ್ಕ ಒಂದು ಡಬ್ಬಿ ಒಬ್ಬಟ್ಟು ಕೊಟ್ಟು, "ನೀನು ಒಳ್ಳೇ ಹುಡ್ಗಿ ಕಣಮ್ಮ" ಎಂದು ಬೆನ್ನು ತಟ್ಟಿದರು. ಹಿಂದೆಯೇ, "ಕಳವಾರದಲ್ಲಿ ಯಾರ ಪೈಕಿ ನೀವು?" ಅಂದರು. ಆ ದಿನ ನನಗೆ ಸಾಕಾಯಿತು. "ನಮಗೆ ಮನೆದೇವ್ರಿಲ್ಲ ಅಕ್ಕ. ನಾವು ಬೌದ್ಧರು. ಊರಾಚೆಯವರು" ಅಂದೆ. ಅವರು ಆಯಿತಮ್ಮ ಅಂದರು. ಸಂಜೆಯೊಳಗೆ ನನ್ನನ್ನು ಗುಂಪಿನಿಂದ ತೆಗೆದಿದ್ದರು. ನನಗೆ ಅಳು ಬರಲಿಲ್ಲ. ಒಬ್ಬಟ್ಟಿನ ಡಬ್ಬಿ ತೊಳೆದು ಅವರ ಬಾಗಿಲಲ್ಲಿಟ್ಟು ಬಂದೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಬರಬೇಡ ಅಂದರೆ ಬರುವುದಿಲ್ಲ. ಬಾ ಅಂದರೆ, ನಿಮ್ಮ ಅಬ್ಬಾ ಇರುವಾಗಲೇ ಬಂದು ಎಲ್ಲವನ್ನೂ ಅವರೆದುರಿಗೇ ಹೇಳುತ್ತೇನೆ.

ನಿನ್ನ ಪಕ್ಕದ ಮಂಚದವಳು,
ಅಮೃತ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಬಿಟ್ಟದ್ದು: ನಿನ್ನನ್ನು ಕರೆಯುವ ಎರಡು ದಿನ ಮೊದಲು ಆಫೀಸಿನವರು ನನ್ನನ್ನು ಕರೆದಿದ್ದರು. ಹರಿತಾ ಅಕ್ಕನ ಗಂಡನೇ ಕೂತಿದ್ದರು. ರೂಮ್‌ಮೇಟ್ ಆಗಿ ನಿಮಗೆ ಗೊತ್ತಿದ್ದೂ ಹೇಳದಿದ್ದರೆ ನಿಮ್ಮ ಕೆಲಸವೂ ಉಳಿಯುವುದಿಲ್ಲ ಅಂದರು. ಹೌದು, ಅವಳಿಗೆ ಫಿಟ್ಸ್ ಇದೆ ಅಂದೆ. ಅದನ್ನೇ ಟೈಪ್ ಮಾಡಿಸಿ ಸಹಿಗೆ ಕೊಟ್ಟರು. ನಿನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ತಿದ್ದಿ, ಸಹಿ ಮಾಡಿಕೊಟ್ಟೆ.