ಭುರ್‍ಯಾನ ಜಡೆ

ಶುಕ್ರವಾರ ಪೇಠ, ಪುಣೆ
ನವೆಂಬರ್ ೧೯೩೪

ವಾಡೆಯ ಮಾಲಕರಾದ ಗೌರಾಬಾಯಿಯವರಿಗೆ, ಮೇಲಿನ ಮಹಡಿಯ ಬಾಡಿಗೆದಾರ ಮಲಕಪ್ಪನ ಶರಣು.

ನಿಮ್ಮ ಮುದಿ ನಾಯಿ ಭುರ್‍ಯಾ ಇವತ್ತೂ ಅನ್ನ ಮುಟ್ಟಲಿಲ್ಲ. ಕುತ್ತಿಗೆಯ ಕೂದಲು ಗಂಟುಗಟ್ಟಿ ಕಂಬಳಿಯಂತಾಗಿದೆ. ತಲೆ ತಿರುಗಿಸಿದರೆ ಚರ್ಮ ಜಗ್ಗಿ ನರಳುತ್ತದೆ. ಅಡಿಯಲ್ಲಿ ಹುಣ್ಣಾಗಿ ನೊಣ ಮುತ್ತುತ್ತಿವೆ. ನಾನು ಕತ್ತರಿ ತಂದರೆ ನಿಮ್ಮ ಅಡಿಗೆಯ ಶಿವಗಂಗವ್ವ ಅಡ್ಡ ಬಂದಳು.

"ಎಲ್ಲಮ್ಮನ ಜಡಿ ಬಂದಾವ್ರಿ, ಕತ್ರಿ ಹಚ್ಚಬ್ಯಾಡ್ರಿ. ಬಾಯಾರೂ ಬ್ಯಾಡಂದಾರ!"

"ತಾಯಿ ಬಂದಿದ್ದರ ನಾಯಿ ಯಾಕ ಅಳ್ತದವ್ವಾ?" ಎಂದೆ. ಆಕೆ ಹುಣ್ಣಿನ ಮೇಲೇ ದೇವಿಯ ಭಂಡಾರದ ಅರಿಸಿನ ಎರಚಿದಳು. ನಾನು ಓದಿದ ಯಾವ ಪುರಾಣದಲ್ಲೂ ದೇವಿ ಇದನ್ನು ಬೇಡಿಲ್ಲ.

ಬಾಯಿಯವರೇ, ನಿಮ್ಮ ಯಜಮಾನರು ದಿನಾ ಅದರ ಮೈ ಬಾಚುತ್ತಿದ್ದರು. ಅವರು ಹೋದ ಮೇಲೆ ಆ ಬಾಚಣಿಗೆಯನ್ನು ಯಾರೂ ಮುಟ್ಟಿಲ್ಲ. ಜಡೆಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ನಮ್ಮ ಅಕ್ಕ ಕಲ್ಲವ್ವನಿಗೂ ಸಣ್ಣವಳಿದ್ದಾಗ ಜಡೆಗಟ್ಟಿತ್ತು. ಜ್ವರದಲ್ಲಿ ಮಲಗಿದ್ದವಳ ತಲೆ ಬಾಚುವವರಿರಲಿಲ್ಲ, ಅಷ್ಟೇ. ಊರವರು ಕತ್ತರಿ ಹಚ್ಚಗೊಡಲಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಒಯ್ದು, ಮುತ್ತು ಕಟ್ಟಿಸಿ, ಜೋಗತಿಯಾಗಿ ದೇವಿಗೆ ಬಿಟ್ಟರು. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ನಾಳೆ ಬೆಳಿಗ್ಗೆ ಬಿಸಿನೀರು, ಬೇವಿನ ಎಣ್ಣೆ, ಕತ್ತರಿ ತರುತ್ತೇನೆ. ಭುರ್‍ಯಾನಿಗೆ ನನ್ನ ಕೈಯ ರೂಢಿಯಿಲ್ಲ. ಕೊಸರಿದರೆ ಚರ್ಮಕ್ಕೆ ತಾಗೀತೆಂದು ಭಯವಾಗುತ್ತದೆ. ನೀವು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯಬೇಕು. ಯಜಮಾನರ ಬಾಚಣಿಗೆಯನ್ನೂ ತನ್ನಿರಿ.

ತಾಯಿಗೆ ಸಿಟ್ಟು ಬಂದರೆ ನನ್ನ ಹೆಸರು ಹೇಳಿರಿ. ನಮ್ಮ ಮನೆ ಅವಳಿಗೆ ಗೊತ್ತು.

ನಿಮ್ಮ ಉತ್ತರಕ್ಕೆ ಕಾಯದೆ ಅಂಗಳಕ್ಕೆ ಇಳಿಯಲಿರುವ,
ಮಲಕಪ್ಪ