ಹತ್ತನೆಯ ಬಟ್ಟಲು

ಘಸ್ಸಾನ್,

ನಮ್ಮ ಆಟವನ್ನು ಇವತ್ತು ಮಧ್ಯಾಹ್ನ ಮುಚ್ಚಿದೆ. ಇಂಥದ್ದನ್ನೂ ಮೊದಲು ನಿನಗೇ ಹೇಳಬೇಕೆನಿಸುತ್ತದೆ. ಆದರೆ ನಮ್ಮೂರು ಇರ್ಬಿದ್ ಬಿಟ್ಟು ಹೋದ ಮೇಲೆ ನೀನು ನನ್ನ ಒಂದು ಫೋನನ್ನೂ ಎತ್ತಿಲ್ಲ, ಈ ಪತ್ರವನ್ನೂ ನಾನು ಕಳಿಸುವುದಿಲ್ಲ.

ಗುಂಡು ಹಾರಿಸುವ ಆನ್‌ಲೈನ್ ಆಟಗಳು ಸಾವಿರ ಇವೆ. ನಮ್ಮದರಲ್ಲಿ ಕಾಳಗಕ್ಕೆ ಮೊದಲು ಕಾಫಿ ಇರಬೇಕು ಎಂದು ಹಟ ಹಿಡಿದವನು ನೀನು. ಹತ್ತು ಜನ ಚಾವಡಿಯಲ್ಲಿ ಕೂರಬೇಕು, ಸಾಕಾದವರು ನಮ್ಮ ಮನೆಗಳಲ್ಲಿ ಮಾಡುವ ಹಾಗೆ ಬಟ್ಟಲು ಅಲ್ಲಾಡಿಸಬೇಕು, ಹತ್ತೂ ಬಟ್ಟಲು ಅಲ್ಲಾಡಿದರೆ ಕಾಳಗದ ಬಾಗಿಲು ತೆರೆಯಬೇಕು. ಹೊರದೇಶದವರಿಗೆ ಅದು ಗೊತ್ತಾಗಲಿಲ್ಲ. ಕುಡಿದಷ್ಟೂ ಸುರಿಯುವ ಕಾಫಿಯ ಮುಂದೆ ಕೂತು, ಬೇಸತ್ತು ಎದ್ದುಹೋದರು. ಬಿಟ್ಟಿ ಆಟವಾದರೂ ಮರಳಿ ಬರಲಿಲ್ಲ.

"ಒಂದು ಸಾಲು ಬರೆದು ಹಾಕೋಣ ಕಣೋ" ಅಂದರೆ, "ಬಟ್ಲು ಅಲ್ಲಾಡ್ಸೋದನ್ನೂ ಹೇಳ್ಕೊಡ್ಬೇಕಾ? ಮಕ್ಕಳಿಗೂ ಗೊತ್ತಿರುತ್ತೆ" ಅಂದೆ ನೀನು.

ಇವತ್ತು ಕೊನೆಯ ಆಟಕ್ಕೆ ಒಂಬತ್ತು ಜನ ಬಂದಿದ್ದರು, ಎಲ್ಲ ನಮ್ಮೂರಿನವರೇ. ಹತ್ತನೆಯವಳಾಗಿ, ಹೆಸರು ಹೇಳದೆ, ನಾನು ಕೂತೆ. ಒಂಬತ್ತು ಬಟ್ಟಲೂ ಅಲ್ಲಾಡಿದವು.

"ಅಲ್ಲಾಡ್ಸಪ್ಪಾ, ಇದೇನು ನಿಮ್ಮ ಮಾವನ ಮನೆ ಕಾಫಿನಾ?" ಎಂದಿತು ಒಂದು ದನಿ.

"ಬಿಡೋ, ಪಾಪ, ಹೊರಗಿನೋನು ಇರ್ಬೇಕು. ಯಾರಾದ್ರೂ ಹೇಳ್ಕೊಡ್ರೋ," ಎಂದಿತು ಇನ್ನೊಂದು.

ಹೇಳಿಕೊಟ್ಟರು. ಆಟ ಮುಚ್ಚಲು ನಾನೇ ಗೊತ್ತುಮಾಡಿದ್ದ ಹೊತ್ತು ಬಂದು ತೆರೆ ಕಪ್ಪಾಗುವವರೆಗೂ ತಾಳ್ಮೆಯಿಂದ ಹೇಳಿಕೊಡುತ್ತಲೇ ಇದ್ದರು. ಬಾಗಿಲು ತೆರೆಯಲಿಲ್ಲ.

ಸಾಕು ಅನ್ನಲು ನನ್ನ ಕೈ ಏಳಲಿಲ್ಲ, ಘಸ್ಸಾನ್.