ಮಧ್ಯಾಹ್ನದ ಕೂಗು

ಅಪ್ಪಾ,

ನಿನಗೊಂದು ಸುದ್ದಿ ಹೇಳಬೇಕು. ಸುದ್ದಿ ನನ್ನಷ್ಟೇ ಹಳೆಯದು, ಆದರೆ ನನಗೆ ಗೊತ್ತಾದದ್ದು ಮೊನ್ನೆ ಭಾನುವಾರ.

ಹುಟ್ಟಿದ ಊರು ತೋರಿಸುತ್ತೇನೆಂದು ನಿನ್ನ ಅಳಿಯನಿಗೆ ಎಷ್ಟು ವರ್ಷದಿಂದ ಹೇಳುತ್ತಿದ್ದೆ! ಅಂತೂ ಕಂಪಲಾಪುರದಿಂದ ಬೈಕಿನಲ್ಲಿ ಹೊರಟೆವು. ಅವರು ಓಡಿಸುವ ಚಂದ ನಿನಗೆ ಗೊತ್ತಲ್ಲ, ಸೈಕಲ್ಲುಗಳೂ ನಮ್ಮನ್ನು ದಾಟಿ ಹೋದವು. ಹುಣಸೂರಿನಲ್ಲಿ ಇಡ್ಲಿ, ಬಿಳಿಕೆರೆಯಲ್ಲಿ ಎಳನೀರು. ಕೆ.ಆರ್. ನಗರ ದಾಟಿ ಗದ್ದೆಬಯಲು ಕಂಡಾಗ ಹೊತ್ತು ನೆತ್ತಿಗೆ ಬಂದಿತ್ತು. ನಮ್ಮೂರ ಅಕ್ಕಿ ಮಿಲ್ಲಿಗೆ ಈಗ ಚಾವಣಿಯೇ ಇಲ್ಲ. ನೀನು ಬೆಂಕಿ ಹಾಕುತ್ತಿದ್ದ ಬಾಯ್ಲರ್ ಮನೆಯೊಳಗೆ ಲಂಟಾನ ಬೆಳೆದಿದೆ. ನನಗೆ ಅಳು ಬಂತು.

ನೀನು ಸೀಟಿಯ ಸರಪಳಿ ಎಳೆದರೆ ಮಿಲ್ಲು ಕೂಗುತ್ತಿತ್ತು. ಊರಿಗೆಲ್ಲ ಅದೇ ಗಡಿಯಾರ. ಅವ್ವನಿಗೆ ನೋವು ಬಂದ ದಿನ ನೀನು ಸರಪಳಿಯನ್ನು ನಿನ್ನ ಕೈಕೆಳಗಿದ್ದ ಹುಡುಗ ಚಿಕ್ಕಣ್ಣನ ಕೈಗೆ ಕೊಟ್ಟು ಮನೆಗೆ ಓಡಿಬಂದೆಯಂತೆ. ಮಧ್ಯಾಹ್ನದ ಕೂಗು, ನನ್ನ ಅಳು, ಎರಡೂ ಒಟ್ಟಿಗೇ ಕೇಳಿದವಂತೆ. ಸರಿಯಾಗಿ ಹನ್ನೆರಡು ಎಂದು ಜಾತಕಕ್ಕೆ ಬರೆಸಿದೆ. ಮೂಲಾ ನಕ್ಷತ್ರ, ಇನ್ನು ಹತ್ತು ನಿಮಿಷ ತಡೆದಿದ್ದರೆ ಪೂರ್ವಾಷಾಢ ಆಗುತ್ತಿತ್ತು ಎಂದರು ಜೋಯಿಸರು.

ಆ ಹತ್ತು ನಿಮಿಷಕ್ಕಾಗಿ ಎಷ್ಟು ಊರು ತಿರುಗಿದೆ ನೀನು? ಮೂಲಾ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂದು ಹೆಚ್.ಡಿ. ಕೋಟೆಯವರೆಗೂ ಬಾಗಿಲು ಹಾಕಿದರು. ಕೊನೆಗೆ ಮಾವ ಇಲ್ಲದ ಮನೆಯೇ ಆಗಬೇಕಾಯಿತು. ಧಾರೆಯ ದಿನ ನೀನು ನನ್ನ ಕೈ ಹಿಡಿದು ಕಣ್ಣೀರು ಹಾಕಿದೆ. "ಟೈಮು ಬರ್ಸ್ದೋನು ನಾನೇ ಕಣವ್ವ. ಹತ್ತು ನಿಮ್ಸ ಸುಳ್ಳು ಯೋಳಿದ್ರೆ ಆಗೋಯ್ತಿತ್ತು." ನಾನು ಏನಾದರೂ ಹೇಳಬೇಕಿತ್ತು. ಅವತ್ತು ನಾಲಿಗೆ ಏಳಲಿಲ್ಲ, ಆಮೇಲೆ ನೀನೇ ಇಲ್ಲವಾದೆ.

ಚಿಕ್ಕಣ್ಣ ಇನ್ನೂ ಇದ್ದಾನೆ ಅಪ್ಪಾ. ಮಿಲ್ಲಿನ ಎದುರು ಜಗುಲಿಯಲ್ಲಿ ಕೂತಿದ್ದ. ಕಣ್ಣು ಮಂಜು, ಆದರೂ ದನಿ ಹಿಡಿದು ಗುರುತಿಸಿದ. ಮಜ್ಜಿಗೆ ಕೊಡಿಸಿದ. ಅವನು ಕೂಗಿಸಿದ ದೆಸೆಯಿಂದಲೇ ನಾನು ಮೂಲಾ ಆದೆನೆಂದು ತಮಾಷೆ ಮಾಡಿದೆ. ಜಾತಕದ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಎಲ್ಲ ಕೇಳಿಸಿಕೊಂಡು ನನ್ನ ಹತ್ತಿರಕ್ಕೆ ಸರಿದು ಕೂತ.

"ನಂಗೆ ಗಡಿಯಾರ ನೋಡಕ್ಕೆ ಬತ್ತಿರ್ನಿಲ್ಲ ಕಣವ್ವ," ಎಂದ. "ಲೆಕ್ಕ ಬರ್ಯೋ ರೈಟ್ರೇ ಟೈಮು ಯೋಳ್ಬೇಕಿತ್ತು, ಅವ್ರು ಎತ್ಲಾಗೋ ಓಗಿದ್ರು. ಅವ್ರು ಬಂದು ಬೈದ್ಮೇಲೆ ಎಳ್ದೆ. ಅನ್ನೆರಡೂವರೆ ಆಗೋಗಿತ್ತು. ನಾಚ್ಕೆಗೆ ನಿಮ್ಮಪ್ಪಂಗೂ ಯೋಳ್ನಿಲ್ಲ."

ಅವನು ಕೈ ಮುಗಿಯಲು ಬಂದ, ನಾನು ಆ ಕೈ ಹಿಡಿದುಕೊಂಡೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಮೂಲಾ ಅಲ್ಲವೇ ಅಲ್ಲ ಅಪ್ಪಾ! ನೀನು ಸವೆಸಿದ ಚಪ್ಪಲಿಗಳಿಗೆಲ್ಲ ಯಾರನ್ನು ಕೇಳಲಿ?

ಜಾತಕ ತಿದ್ದಿಸೋಣವೇ ಎಂದು ದಾರಿಯಲ್ಲಿ ನಿನ್ನ ಅಳಿಯನನ್ನು ಕೇಳಿದೆ. ಅವರು ಬೈಕನ್ನು ಇನ್ನಷ್ಟು ನಿಧಾನ ಮಾಡಿದರು. "ಬುಡು, ಮೂಲಾ ಅಂತ್ಲೇ ಇರ್ಲಿ. ಇಲ್ದಿದ್ರೆ ನಮ್ಮನೇಗೆ ನೀನೆಲ್ಲಿ ಬತ್ತಿದ್ದೆ?"

ಧಾರೆಯ ದಿನ ಹೇಳಲಾಗದ್ದನ್ನು ಈಗ ಹೇಳುತ್ತೇನೆ, ಕೇಳಿಸಿಕೋ. ನೀನು ಆ ಹತ್ತು ನಿಮಿಷ ಸುಳ್ಳು ಹೇಳದೆ ಇದ್ದದ್ದೇ ಒಳ್ಳೆಯದಾಯಿತು.